36 ವರ್ಷ ರೈಲ್ವೇ ನೌಕರಿ, ಒಂದು ಟ್ರಂಕ್ ಫೋಟೋ, ಕೆಲಸ ಮಾಡ್ತಿರೋ ಫೋಟೋ ಒಂದೂ ಇಲ್ಲ

ಘಟ್ಟದ ಮಾಸ್ಟರು (ಶನಿವಾರ ರಾತ್ರಿ 9.12)
ಎಲ್ರಿಗೂ ನಮಸ್ಕಾರ. ಮನೆಗೆ ಬಣ್ಣ ಹೊಡಿಸ್ತಿದೀವಿ, ಅಟ್ಟದಿಂದ ಟ್ರಂಕ್ ಇಳಿಸಿದಾಗ ನನ್ನ ನೌಕರಿ ಕಾಲದ ಫೋಟೋ ಎಲ್ಲ ಸಿಕ್ತು. 1978ರಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿ ಸೇರಿದವನು ನಾನು, ತಿರುಚ್ಚಿಯಲ್ಲಿ ಟ್ರೈನಿಂಗು, ಆಮೇಲೆ ಅರಸೀಕೆರೆ, ಬೀರೂರು, 86ರಿಂದ 93ರವರೆಗೆ ಸಕಲೇಶಪುರ ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿ ಸ್ಟೇಷನ್‌ಗಳು, ಅಲ್ಲಿಂದ ಮೈಸೂರು ಕಡೆ, 2014ಕ್ಕೆ ರಿಟೈರ್. ಎರಡು ದಿನ ಕೂತು ಎಣಿಸಿದೆ, 212 ಫೋಟೋ ಇದೆ.

ಏನಿದೆ ಅದರಲ್ಲಿ ಅಂದ್ರೆ ಹಾರ, ಶಾಲು, ಬೀಳ್ಕೊಡುಗೆ, ಆಯುಧಪೂಜೆ, ಯಾರದ್ದೋ ಮದುವೆ, ಅರಸೀಕೆರೆಯಲ್ಲಿ ವೈಪಿ ಸ್ಟೀಮ್ ಇಂಜಿನ್ ಮುಂದೆ ಪೋಸ್ ಕೊಟ್ಟಿದ್ದು. ಲೈನ್ ಕ್ಲಿಯರ್, ಅಂದ್ರೆ ಗಾಡಿ ಬಿಡೋಕೆ ಮುಂದಿನ ಸ್ಟೇಷನ್ನಿನ ಒಪ್ಪಿಗೆ, ತಗೊಳ್ತಿರೋದು, ಬೆತ್ತದ ಬಳೆಗೆ ಆ ಒಪ್ಪಿಗೆಯ ಗುರುತಾದ ಟೋಕನ್ ಚೀಲ ಸಿಕ್ಕಿಸಿ ಓಡ್ತಿರೋ ಗಾಡಿಗೆ ಎತ್ತಿ ಕೊಡ್ತಿರೋದು, ರಾತ್ರಿ ಎರಡು ಗಂಟೆಗೆ ಕಂಟ್ರೋಲ್ ಫೋನ್ ಕಿವೀಲಿ ಇಟ್ಕೊಂಡು ಟ್ರೈನ್ ರಿಜಿಸ್ಟರ್ ಬರೀತಿರೋದು, ಇವು ಒಂದೂ ಇಲ್ಲ. ದಿನಾ ಮಾಡಿದ್ದು ಅದನ್ನೇ.

ಇನ್ನೊಂದು ನನ್ನ ನಿದ್ದೆ ಕೆಡಿಸಿದೆ. ಘಾಟಿಯಿಂದ ಟ್ರಾನ್ಸ್‌ಫರ್ ಆದಾಗ ಸ್ಟೇಷನ್ ಮುಂದೆ ತೆಗೆದ ಗ್ರೂಪ್ ಫೋಟೋ, ಒಟ್ಟು 23 ಜನ. ಕುರ್ಚಿ ಮೇಲೆ ಏಳು, ಹಿಂದೆ ನಿಂತವರು ಒಂಬತ್ತು, ಮುಂದೆ ನೆಲದ ಮೇಲೆ ಏಳು. ಕುರ್ಚಿಯವರ ಹೆಸರು ಏಳೂ ಬಂತು. ನಿಂತವರಲ್ಲಿ ಆರು. ನೆಲದ ಮೇಲೆ ಕೂತ, ಹಳಿ ನೋಡ್ಕೊಳ್ಳೋ ಗ್ಯಾಂಗ್‌ಮನ್‌ಗಳಲ್ಲಿ ಒಬ್ಬರದ್ದು ಮಾತ್ರ ನೆನಪಾಯ್ತು. ಮುಖ ಎಲ್ಲ ಗೊತ್ತು, ಹೆಸರಿಲ್ಲ. ಹೆಸರು ಹುಡುಕೋಕೆ ದಾರಿ ಇದ್ರೆ ಹೇಳಿ. ಮಗ ಸ್ಕ್ಯಾನ್ ಮಾಡಿ ಒರಿಜಿನಲ್ ಬಿಸಾಕೋಣ ಅಂತಾನೆ, ಅದಕ್ಕೂ ನಿಮ್ಮ ಅಭಿಪ್ರಾಯ ಬೇಕು.

ಹಳೇಗೇಜು (ರಾತ್ರಿ 9.20)
ಬಿಸಾಕ್ಬೇಡಿ ಸಾರ್!!! ಮಗನಿಗೆ ನನ್ನ ಕೈಲಿ ಮಾತಾಡಿಸಿ.

ಹಳೇಗೇಜು (ರಾತ್ರಿ 9.31)
ನೀವು ಮೇಲೆ ಹಾಕಿರೋ ಅರಸೀಕೆರೆ ಇಂಜಿನ್ ಫೋಟೋ ಜೂಮ್ ಮಾಡಿದೆ, ಅದು ವೈಪಿ ಅಲ್ಲ, ವೈಜಿ. ದೊಡ್ಡ ಗಾಲಿ ಎಣಿಸಿ, ಒಂದು ಪಕ್ಕಕ್ಕೆ ಮೂರಿದ್ರೆ ವೈಪಿ, ಪ್ಯಾಸೆಂಜರ್‌ದು. ನಾಲ್ಕಿದ್ರೆ ವೈಜಿ, ಗೂಡ್ಸ್‌ದು. ನಿಮ್ಮ ಮೊಣಕೈ ಹಿಂದೆ ನಾಲ್ಕನೇದು ಅರ್ಧ ಕಾಣ್ತಿದೆ.

ಘಟ್ಟದ ಮಾಸ್ಟರು (ರಾತ್ರಿ 9.44)
ಸರಿ ಇದೆ ನೀವು ಹೇಳಿದ್ದು. ಎಣಿಸಿದೆ, ನಾಲ್ಕಿದೆ. ಇಷ್ಟು ವರ್ಷ ಫೋಟೋ ಹಿಂದೆ ವೈಪಿ ಅಂತಾನೇ ಬರೆದಿದ್ದೆ, ತಿದ್ದುತೀನಿ.

ತಿಪಟೂರು ಟೀಚರ್ (ರಾತ್ರಿ 9.50)
ತಿದ್ದೋವಾಗ ಬಾಲ್‌ಪೆನ್ ಬೇಡ ಸರ್, ಒತ್ತಿದ ಗುರುತು ಮುಂದೆ ಮುಖದ ಮೇಲೆ ಏಳುತ್ತೆ. ಮೆತ್ತನೆ ಪೆನ್ಸಿಲ್‌ನಲ್ಲಿ ಅಂಚಲ್ಲಿ ಬರೀರಿ. ನನ್ನ ಹತ್ರ 31 ಫೋಟೋ ಇದೆ, ಎಲ್ಲ ಏಳನೇ ಕ್ಲಾಸ್ ಗ್ರೂಪ್ ಫೋಟೋ, ಅದೇ ಶಾಲೆ, ಅದೇ ಹುಣಸೆ ಮರ, ಅದೇ ಕುರ್ಚಿ. ಮಕ್ಕಳಿಗೆ ಪ್ರತಿ ವರ್ಷ ಅದೇ ವಯಸ್ಸು, ವಯಸ್ಸಾಗಿರೋದು ನನಗೊಬ್ಬಳಿಗೆ, ಮರಕ್ಕೆ. ಮೊದಲ ವರ್ಷ ಎರಡು ಜಡೆ ಹಾಕ್ಕೊಂಡಿದೀನಿ, ಮಕ್ಕಳ ಜೊತೆ ನನ್ನ ಗುರುತು ಹಿಡಿಯೋಕೇ ಆಗಲ್ಲ. ಪಾಠ ಮಾಡ್ತಿರೋದು ನನ್ನದೂ ಒಂದೂ ಇಲ್ಲ.

ಕಂಡಕ್ಟರ್ ಕೃಷ್ಣೆ ಕಡೆಯವ (ರಾತ್ರಿ 10.02)
ಮಾಸ್ತರ, ನಿಮ್ದಷ್ಟ ಅಲ್ರಿ. ನಾ 29 ವರ್ಷ ಬಸ್ಸಿನ್ಯಾಗ ಕಂಡಕ್ಟರ್ ಕೆಲಸ ಮಾಡೀನಿ. ಹೆಗಲಿಗೆ ತೊಗಲಿನ ಚೀಲ, ಕೈಯಾಗ ಟಿಕೆಟ್ ಇಡೋ ತಗಡಿನ ಡಬ್ಬಿ, ಕಿವ್ಯಾಗ ಪೆನ್ನು, ಹಂಗ ನಿಂತದ್ದು ಒಂದ ಫೋಟೋ ಇಲ್ಲ. ಇದ್ದದ್ದೆಲ್ಲಾ ಖಂಡೇ ಪೂಜಿದು, ಬಸ್ಸಿಗೆ ಬಾಳಿಕಂಬ ಕಟ್ಟಿ, ಗಾಲಿ ಕೆಳಗ ನಿಂಬಿಹಣ್ಣ ಇಟ್ಟು, ನಾವು ಇಸ್ತ್ರಿ ಅರಿವಿ ಹಾಕ್ಕೊಂಡು ನಿಂತದ್ದು. ಡ್ಯೂಟಿ ಇಲ್ಲದ ದಿನಾನ ಫೋಟೋ ತಗೀತಿದ್ರು, ಡ್ಯೂಟಿ ಇದ್ದಾಗ ಯಾರ್ ತಗೀಬೇಕ್ರಿ.

ಹಳೇಗೇಜು (ರಾತ್ರಿ 10.08)
ಅದರ ಜೊತೆ ರೈಲ್ವೇ ಜಾಗದಲ್ಲಿ ಕ್ಯಾಮೆರಾ ತೆಗೆಯೋಕೆ ಪರ್ಮಿಷನ್ ಬೇಕಿತ್ತು, ಸೇತುವೆ ಸುರಂಗ ಅಂದ್ರಂತೂ ಇನ್ನೂ ಭಯ. ಘಾಟಿಯಲ್ಲಿ 58 ಸುರಂಗ ಅಲ್ವಾ ಸಾರ್?

ಘಟ್ಟದ ಮಾಸ್ಟರು (ರಾತ್ರಿ 10.15)
57. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಸುಮಾರು 55 ಕಿಲೋಮೀಟರ್, ಏರು 50 ಅಡಿಗೆ 1 ಅಡಿ. ಎಡಕುಮೇರಿ, ಸಿರಿಬಾಗಿಲು ಅಂಥ ಕಡೆ ಆಗ ರೋಡೇ ಇರ್ಲಿಲ್ಲ, ಅಕ್ಕಿ ಬೇಳೆ ಎಲ್ಲ ಗಾಡಿಯಲ್ಲೇ ಬರ್ಬೇಕಿತ್ತು. ಮಳೆಗಾಲದಲ್ಲಿ ಪ್ಲಾಟ್‌ಫಾರಂ ಮೇಲೆ ನಡೆದ್ರೂ ಕಾಲಿಗೆ ಇಂಬಳ (ಜಿಗಣೆ) ಹತ್ತೋದು. ಕ್ಯಾಮೆರಾ ಇದ್ರೂ ಒಂದೇ ಮಳೆಗಾಲಕ್ಕೆ ಲೆನ್ಸಿಗೆ ಬೂಸ್ಟು.

ನಮ್ ಜಾಲಹಳ್ಳಿ (ರಾತ್ರಿ 10.33)
ನಾನು ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿಯಲ್ಲಿದ್ದೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಶುರುವಾದ ಫ್ಯಾಕ್ಟರಿ, ನಾನು ಸೇರಿದ್ದು 73ರಲ್ಲಿ. ನನ್ನ ಹತ್ರ ಒಂದು ಕೆಲಸದ ಫೋಟೋ ಇದೆ, ಆದ್ರೆ ನನ್ನದು ಅಂತ ತೆಗೆದದ್ದಲ್ಲ. ಯಾರೋ ಗಣ್ಯರು ನೋಡೋಕೆ ಬಂದಿದ್ರು, ಅವರ ಫೋಟೋ ಅದು. ಅವರ ಹಿಂದೆ ಉದ್ದಕ್ಕೆ ನಾವು ಹೆಂಗಸರು ತಲೆ ಬಗ್ಗಿಸ್ಕೊಂಡು ಕೂತಿದೀವಿ, ಯಾರ ಮುಖಾನೂ ಕಾಣ್ಸಲ್ಲ. ಕೈ ಕಾಣುತ್ತೆ. ನಾನು ನನ್ನ ಕೈ ಗುರುತು ಹಿಡಿದೆ, ಎಡಗೈ ಬಳೆ ಮೇಲಕ್ಕೆ ಏರಿಸಿ ರಬ್ಬರ್ ಬ್ಯಾಂಡ್ ಹಾಕ್ಕೊಳ್ತಿದ್ದೆ, ಬಳೆ ಶಬ್ದಕ್ಕೆ ಚಿಮಟ ನಡುಗಬಾರದು ಅಂತ. ಮೊಮ್ಮಗಳು ಅಜ್ಜಿ ಎಲ್ಲಿ ಎಲ್ಲಿ ಅಂತ ಕೇಳ್ತಾಳೆ, ಕೈ ತೋರಿಸ್ತೀನಿ.

ಮಾಸ್ಟರೇ, ನಿಮ್ಮ ಫೋಟೋಗಳಲ್ಲೂ ಹಿಂದೆ ಏನಿದೆ ಅಂತ ನೋಡಿ. ಮುಂದೆ ಹಾರ ಇರುತ್ತೆ, ಹಿಂದೆ ಮೇಜು ಇರುತ್ತೆ.

ಘಟ್ಟದ ಮಾಸ್ಟರು (ರಾತ್ರಿ 10.58)
ಅಕ್ಕಾ, ನೀವು ಹೇಳಿದ ಮೇಲೆ ಕನ್ನಡಕ ಹಾಕಿ ಮತ್ತೆ ನೋಡ್ದೆ. ಬೀರೂರಿನ ಬೀಳ್ಕೊಡುಗೆ ಫೋಟೋದಲ್ಲಿ ನನ್ನ ಭುಜದ ಹಿಂದೆ ಟೋಕನ್ ಯಂತ್ರ ಇದೆ, ಪಕ್ಕದಲ್ಲಿ ರಟ್ಟಿನ ಟಿಕೆಟ್‌ಗೆ ತಾರೀಖು ಒತ್ತೋ ಮಿಷನ್, ಗೋಡೆ ಮೇಲೆ ಗಡಿಯಾರ, ನಾಲ್ಕು ಹತ್ತು. ಆ ರೂಮಿನ ವಾಸನೆ ಬಂದಂಗಾಯ್ತು, ಸೀಮೆಎಣ್ಣೆ, ಹಳೇ ಕಾಗದ.

ನೇರಮಾತು (ಭಾನುವಾರ ಬೆಳಗ್ಗೆ 6.40)
ಒಂದು ಮಾತು, ಬೇಜಾರಾಗ್ಬೇಡಿ ಸರ್. ಏಳು ಕುರ್ಚಿಯವರ ಹೆಸರೂ ನೆನಪಿದೆ, ನೆಲದ ಮೇಲೆ ಕೂತ ಏಳರಲ್ಲಿ ಒಂದು. ಇದು ವಯಸ್ಸಿನ ಮರೆವಲ್ಲ. ಆಗ್ಲೂ ಗೊತ್ತಿರ್ಲಿಲ್ಲ ನಿಮಗೆ. ನಮ್ಮಪ್ಪ ಬೇರೆ ಇಲಾಖೆಯಲ್ಲಿ ಡಿ ಗ್ರೂಪ್ ನೌಕರ, ಅವರ ಸಾಹೇಬ್ರು ಹದಿನೆಂಟು ವರ್ಷ "ಏಯ್ ಬಾ ಇಲ್ಲಿ" ಅಂತ ಕರೆದ್ರು. ಮನೇಲಿ ಅಪ್ಪಂದು ಒಂದು ಗ್ರೂಪ್ ಫೋಟೋ ಇದೆ, ನೆಲದ ಮೇಲೇ ಕೂತಿದ್ದಾರೆ, ನಾನು ಅದನ್ನ ಫ್ರೇಮ್ ಹಾಕ್ಸಿಲ್ಲ, ಹಾಕ್ಸೋಕೆ ಮನಸ್ಸಾಗಲ್ಲ. ಹಳೇ ಕಾಲ ಚೆನ್ನಾಗಿತ್ತು ಅಂತ ಎಲ್ರೂ ಇಲ್ಲಿ ಬರೀತಿದೀರ, ಯಾರಿಗೆ ಚೆನ್ನಾಗಿತ್ತು ಅಂತ ಒಂದ್ಸಲ ಫೋಟೋ ನೋಡಿ ಹೇಳಿ.

ಹಳೇಗೇಜು (ಬೆಳಗ್ಗೆ 7.15)
ಅಣ್ಣಾ ಅವರು ಹೆಸರು ಹುಡುಕೋಣ ಅಂತ ತಾನೇ ಬಂದಿರೋದು, ಅವರ ಮೇಲೆ ಯಾಕೆ.

ನೇರಮಾತು (ಬೆಳಗ್ಗೆ 7.19)
ಅವರ ಮೇಲೆ ಅಲ್ಲ. ಕುರ್ಚಿ ಮೇಲೆ.

ಘಟ್ಟದ ಮಾಸ್ಟರು (ಬೆಳಗ್ಗೆ 8.05)
ಇಲ್ಲ, ಅವರು ಹೇಳಿದ್ದು ನಿಜ. ಉತ್ತರ ಬರೆಯೋಕೆ ಒಂದು ಗಂಟೆ ಯೋಚನೆ ಮಾಡ್ದೆ.

ನಾವು ಕರೀತಿದ್ದದ್ದು ಊರ ಹೆಸರಿಂದ. ಹೆಸರು ಹಾಜರಿ ಮಸ್ಟರ್‌ನಲ್ಲಿರ್ತಿತ್ತು, ಅದು ಹಳಿ ಉಸ್ತುವಾರಿ ನೋಡೋ ಪಿಡಬ್ಲ್ಯೂಐ ಆಫೀಸಲ್ಲಿ, ಸ್ಟೇಷನ್ ಮಾಸ್ಟರಿಗೆ ಬೇಕಾಗ್ತಿರ್ಲಿಲ್ಲ. ಒಂದು ಘಟನೆ ಹೇಳ್ಬೇಕು, ಇಷ್ಟು ವರ್ಷ ಮನೇಲೂ ಪೂರ್ತಿ ಹೇಳಿಲ್ಲ. ಜುಲೈ ತಿಂಗಳು, ಮೂರು ದಿನದಿಂದ ಬಿಡದ ಮಳೆ. ಘಾಟಿಯಲ್ಲಿ ಮಳೆಗಾಲಕ್ಕೆ ರಾತ್ರಿಯಿಡೀ ಪೆಟ್ರೋಲಿಂಗ್ ಇರುತ್ತೆ, ಒಬ್ಬ ಗ್ಯಾಂಗ್‌ಮನ್ ಹ್ಯಾಂಡ್ ಲ್ಯಾಂಪ್, ಗಾಲಿ ಹತ್ತಿದ್ರೆ ಸಿಡಿದು ಡ್ರೈವರ್‌ಗೆ ಎಚ್ಚರಿಕೆ ಕೊಡೋ ಪಟಾಕಿ ಡಬ್ಬಿ ಹಿಡ್ಕೊಂಡು, ಮೇಲೆ ಗೊರಬು ಹಾಕ್ಕೊಂಡು ಹಳಿ ಮೇಲೆ ನಡೀತಾನೆ, ಎದುರಿಂದ ಬರೋವನ ಜೊತೆ ಗಸ್ತು ಪುಸ್ತಕ ಬದಲಾಯಿಸ್ಕೊಂಡು ವಾಪಸ್ ಬರ್ತಾನೆ. ಆನೆ ಇರೋ ಕಾಡು, ಪಕ್ಕದಲ್ಲಿ ಕಂದಕ, ಸುರಂಗದೊಳಗೆ ಮೇಲಿಂದ ನೀರು. ಆ ರಾತ್ರಿ ನಾನು ಗಾಡಿಗೆ ಲೈನ್ ಕ್ಲಿಯರ್ ಕೊಟ್ಟಾಗಿತ್ತು. ಸುರಂಗದ ಬಾಯಲ್ಲಿ ಬಂಡೆ ಜಾರಿ ಹಳಿ ಮೇಲೆ ಬಿದ್ದಿತ್ತು. ಆ ಮನುಷ್ಯ ಬಂದ ದಾರೀಲೇ ಹಿಂದಕ್ಕೆ ಓಡಿ, ಹಳಿ ಮೇಲೆ ಪಟಾಕಿ ಕಟ್ಟಿ, ಕೆಂಪು ದೀಪ ಬೀಸ್ಕೊಂಡು ನಿಂತ. ಗಾಡಿ ನಿಲ್ತು. ಬೆಳಗ್ಗೆ ಸ್ಟೇಷನ್ನಿಗೆ ಬಂದಾಗ ಮೊಣಕಾಲು ಎರಡೂ ಒಡೆದಿತ್ತು, ಟೀ ಕೊಟ್ಟೆ, ಕುಡಿದು ಮಲಗೋಕೆ ಹೋದ.

ಮುಂದೆ ಅದಕ್ಕೆ ಬಹುಮಾನ ಬಂತು, ಸಣ್ಣ ಕಾರ್ಯಕ್ರಮ ಆಯ್ತು. ಆ ಫೋಟೋನೂ ಟ್ರಂಕ್‌ನಲ್ಲಿದೆ. ಸಾಹೇಬರಿದ್ದಾರೆ, ನಾನಿದೀನಿ, ಇನ್ನಿಬ್ಬರಿದ್ದಾರೆ. ಅವನಿಲ್ಲ. ಡ್ಯೂಟಿಯಲ್ಲಿದ್ದ, ಕರೆಸಲಿಲ್ಲ. ಕರೆಸಿ ಅಂತ ನಾನು ಬಾಯಿ ಬಿಡಬಹುದಿತ್ತು, ಬಿಡ್ಲಿಲ್ಲ. ಗ್ರೂಪ್ ಫೋಟೋದಲ್ಲಿ ನೆಲದ ಮೇಲೆ ಎಡದಿಂದ ಮೂರನೆಯವನು ಅವನೇ. ಅವನ ಹೆಸರಿಗೇ ನಾನು ಮುಖ್ಯವಾಗಿ ಬಂದದ್ದು.

ನಮ್ ಜಾಲಹಳ್ಳಿ (ಬೆಳಗ್ಗೆ 8.30)
ಓದಿ ಸುಮ್ನೆ ಕೂತಿದೀನಿ.

ಹುಬ್ಬಳ್ಳಿ ಮಂದಿ (ಬೆಳಗ್ಗೆ 9.02)
ನಮ್ಮಪ್ಪಾರೂ ರೈಲ್ವೇನ ರಿ, ಫಿಟರ್ ಇದ್ರು. 1974ರ ಸ್ಟ್ರೈಕ್, ಮೇ 8ಕ್ಕ ಶುರು ಆತು, 27ಕ್ಕ ಮುಗೀತು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವ್ರ ಮುಂದ ನಿಂತಿದ್ರಲ್ಲ. ಅಪ್ಪ ಬಾವುಟ ಹಿಡ್ಕೊಂಡ್ ನಿಂತ ಒಂದು ಫೋಟೋ ಇತ್ತಂತ, ಅವ್ವ ಪೊಲೀಸರ ಹೆದರಿಕಿಗೆ ಒಲಿಯಾಗ ಹಾಕಿದ್ಲು. ಆಗ ಕೆಲಸ ಕಳ್ಕೊಂಡವ್ರನ್ನ 77ರಾಗ ಸರಕಾರ ಬದಲಾದ ಮ್ಯಾಲೆ ವಾಪಸ್ ತಗೊಂಡ್ರು, ಫೋಟೋ ಎಲ್ಲಿ ವಾಪಸ್ ಬರ್ತೈತಿ. ಸಾಯೂತನ ಅವ್ವ ಅದನ್ನ ನೆನೆಸ್ಕೋತಿದ್ಲು, ಆ ಫೋಟೋದಾಗ ನಿಮ್ಮಪ್ಪ ಭಾಳ ಚಂದ ಕಾಣ್ತಿದ್ದ ಅಂತ. ಅದಕ್ಕ ಹೇಳ್ತೀನಿ ಮಾಸ್ತರ, ಒಂದನ್ನೂ ಬಿಸಾಕಬ್ಯಾಡ್ರಿ.

ಪಡುಬಿದ್ರಿ ಪ್ರಿಯಾ (ಬೆಳಗ್ಗೆ 9.40)
ನಮ್ಮ ಮನೆಯ ಫೋಟೋ ಕತೆ ಬೇರೆ ಮಾರಾಯ್ರೆ. ಅಪ್ಪ 84ರಿಂದ 99ರವರೆಗೆ ಗಲ್ಫಿನಲ್ಲಿ. ವರ್ಷಕ್ಕೆ ಎರಡು ಫೋಟೋ ಬರ್ತಿತ್ತು, ಬಿಳಿ ಟೊಯೋಟಾಕ್ಕೆ ಒರಗಿ, ಕೂಲಿಂಗ್ ಗ್ಲಾಸ್ ಹಾಕಿ. ಊರಿನಲ್ಲಿ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು. ಕಾರು ಅಪ್ಪನದ್ದಲ್ಲ ಅಂತ ಗೊತ್ತಾದದ್ದು ಅವರು ಊರಿಗೆ ಬಂದು ಕೂತ ಮೇಲೆ. ಅಪ್ಪ ಮಾಡ್ತಿದ್ದದ್ದು ಇಸ್ತ್ರಿ ಅಂಗಡಿಯಲ್ಲಿ ಕೆಲಸ, ದಿನಕ್ಕೆ ಹದಿನಾಲ್ಕು ಗಂಟೆ ನಿಂತು. ಬಲ ಮುಂಗೈಯಲ್ಲಿ ಸುಟ್ಟ ಕಲೆ ಸಾಲಾಗಿ ಉಂಟು. ಎಲ್ಲ ಫೋಟೋದಲ್ಲೂ ಫುಲ್ ತೋಳಿನ ಅಂಗಿ. ಅದು ಯಾಕೆ ಅಂತ ನನಗೆ ಮೊನ್ನೆ ಮೊನ್ನೆ ಹೊಳೆದದ್ದು.

ನೇರಮಾತು (ಬೆಳಗ್ಗೆ 9.55)
ಅಕ್ಕ, ಈಗ ಅಪ್ಪನ ಕೈ ಫೋಟೋ ತೆಗೆದಿಟ್ಕೊಳ್ಳಿ.

ಪಡುಬಿದ್ರಿ ಪ್ರಿಯಾ (ಬೆಳಗ್ಗೆ 9.58)
ತೆಗೆದೆ. ಬೇಡ ಬೇಡ ಅಂದ್ರು, ಆದ್ರೂ ತೆಗೆದೆ.

ಡಾರ್ಕ್‌ರೂಮ್ ಭಟ್ಟ (ಬೆಳಗ್ಗೆ 11.20)
40 ವರ್ಷ ಸ್ಟುಡಿಯೋ ನಡೆಸಿದವನು ನಾನು, ಆಗ್ಫಾ ಕ್ಲಿಕ್ 3 ಕಾಲದಿಂದ. ಒಂದು ರೋಲಿಗೆ 12 ಫೋಟೋ, ಊಟಿಯಲ್ಲಿ ತಯಾರಾಗ್ತಿದ್ದ ಇಂದು ಫಿಲಂ. 12ರಲ್ಲಿ ಒಂದನ್ನ ಕೆಲಸದ ಮೇಜಿಗೆ ಯಾರು ಖರ್ಚು ಮಾಡ್ತಾರೆ ಹೇಳಿ, ಅದಕ್ಕೇ ನಿಮ್ಮ ಹತ್ರ ಇಲ್ಲ.

ಈಗ ಸ್ಕ್ಯಾನ್ ವಿಷಯ. ಸ್ಕ್ಯಾನರ್ ಇದ್ರೆ 600 ಡಿಪಿಐ ಸಾಕು. ಫೋನಲ್ಲಿ ತೆಗೆದ್ರೆ ಫ್ಲಾಶ್ ಆಫ್, ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ. ಅಂಟು ಹಾಳೆಯ ಆಲ್ಬಂ ಇದ್ರೆ, ಅದೇ ಪ್ಲಾಸ್ಟಿಕ್ ಎತ್ತಿ ಅಂಟಿಸೋದು, ಕಿತ್ತು ಎಳೀಬೇಡಿ, ಫೋಟೋ ಅಡಿಗೆ ತೆಳು ದಾರ ತೂರಿಸಿ ಗರಗಸದ ಹಾಗೆ ನಿಧಾನ ಎಳೀರಿ, ಬಿಡುತ್ತೆ. ಬರದೇ ಇದ್ರೆ ಹಾಳೆ ಸಮೇತ ಸ್ಕ್ಯಾನ್ ಮಾಡಿ. ಕಲರ್ ಫೋಟೋ ಕೆಂಪಾಗಿದ್ರೆ ಗಾಬರಿ ಬೇಡ, ನೀಲಿ ಕಡೆಯ ಬಣ್ಣ ಮೊದಲು ಮಾಸುತ್ತೆ, ಕಂಪ್ಯೂಟರಲ್ಲಿ ಸ್ವಲ್ಪ ವಾಪಸ್ ತರ್ಬಹುದು. ನಿಮ್ಮ ಕಪ್ಪುಬಿಳುಪು ಫೋಟೋಗಳು ಮೊಮ್ಮಕ್ಕಳ ಕಾಲಕ್ಕೂ ಇರ್ತವೆ.

ಆ ಗ್ರೂಪ್ ಫೋಟೋ ಸೈಜ್ ಎಷ್ಟು?

ಘಟ್ಟದ ಮಾಸ್ಟರು (ಬೆಳಗ್ಗೆ 11.41)
5x7 ಇಂಚು. ಕಲರ್. ನಮ್ಮಲ್ಲಿ ಒಬ್ಬರ ಭಾವಮೈದ ಕ್ಯಾಮೆರಾ ತಂದಿದ್ದ.

ಸಕಲೇಶಪುರ ಸುಮಂತ (ಮಧ್ಯಾಹ್ನ 1.10)
ಸರ್, ನಮ್ಮ ಸೋದರಮಾವ ಆ ಘಾಟಿ ಗ್ಯಾಂಗಲ್ಲೇ ಇದ್ದವರು, 81ರಿಂದ ಗೇಜ್ ಬದಲಾಯಿಸೋಕೆ ಲೈನ್ ಮುಚ್ಚೋವರೆಗೆ. ಈಗ 70 ದಾಟಿದೆ, ಕಿವಿ ಮಂದ, ಕಣ್ಣು ಚೆನ್ನಾಗಿದೆ. ಫೋಟೋ ಇಲ್ಲಿ ಹಾಕ್ಬೇಡಿ, ಅಷ್ಟೂ ಜನರ ಮನೆಯವರು ಒಪ್ತಾರೋ ಇಲ್ವೋ ಗೊತ್ತಿಲ್ಲ. ನನಗೆ ಖಾಸಗಿಯಾಗಿ ಕಳ್ಸಿ, ಅವರಿಗೆ ತೋರಿಸ್ತೀನಿ.

ಹಳೇಗೇಜು (ಮಧ್ಯಾಹ್ನ 1.14)
ಇಲ್ಲೇ ಹಾಕಿದ್ರೆ ಬೇಗ ಸಿಗುತ್ತಲ್ವಾ?

ತಿಪಟೂರು ಟೀಚರ್ (ಮಧ್ಯಾಹ್ನ 1.30)
ಬೇಡ. ನಾನು ಒಮ್ಮೆ ಕ್ಲಾಸ್ ಫೋಟೋ ಹಾಕಿ ತಪ್ಪು ಮಾಡಿದೀನಿ. ಅದರಲ್ಲಿದ್ದ ಒಬ್ಬ ಹುಡುಗ ತೀರಿಹೋಗಿದ್ದ, ಅವನ ತಾಯಿ ಅದನ್ನ ಯಾರದ್ದೋ ಫೋನಿನಲ್ಲಿ ಇದ್ದಕ್ಕಿದ್ದಂತೆ ನೋಡಿದ್ರು. ಮನೆಗೆ ತಗೊಂಡು ಹೋಗಿ ಕೈಗೆ ಕೊಡೋದೇ ಸರಿ.

ಘಟ್ಟದ ಮಾಸ್ಟರು (ಮಧ್ಯಾಹ್ನ 1.52)
ಕಳಿಸಿದೀನಿ ಸುಮಂತ. ಮಾವನಿಗೆ ನಮಸ್ಕಾರ ಹೇಳಿ. ಯಾವ ಗ್ಯಾಂಗ್ ಅಂತ ಕೇಳಿ, ನನಗೆ ಗುರುತಿರಲೇಬೇಕು.

ಸಕಲೇಶಪುರ ಸುಮಂತ (ಸೋಮವಾರ ರಾತ್ರಿ 8.25)
ಎಲ್ರಿಗೂ ಅಪ್‌ಡೇಟ್. ಫೋನ್ ಸಾಲ್ದು ಅಂತ ಟಿವಿಗೆ ಹಾಕಿ ತೋರಿಸ್ದೆ. ಮಾವ ಎದ್ದು ಟಿವಿ ಹತ್ರ ಹೋಗಿ ನಿಂತ್ರು, ಒಬ್ಬೊಬ್ಬರನ್ನೇ ಮುಟ್ಟಿ ಮುಟ್ಟಿ ಹೇಳಿದ್ರು. ನೆಲದ ಮೇಲಿನ ಏಳರಲ್ಲಿ ಐದು ಹೆಸರು ಊರು ಸಮೇತ ಬಂತು, ಅವರಲ್ಲಿ ಇಬ್ಬರು ಈಗ ತೀರಿಹೋಗಿದ್ದಾರೆ. ಹೆಸರು ಸಾರ್‌ಗೆ ಕಳಿಸಿದೀನಿ, ಇಲ್ಲಿ ಬರೆಯಲ್ಲ.

ಆದ್ರೆ ಸರ್, ಎಡದಿಂದ ಮೂರನೆಯವರು ಆ ರಾತ್ರಿ ಗಾಡಿ ನಿಲ್ಲಿಸಿದವರಲ್ಲ ಅಂತಾರೆ ಮಾವ. ಖಂಡಿತ ಅಲ್ಲ ಅಂತಾರೆ. ಆ ಮೂರನೆಯವರು ಸೇರಿದ್ದೇ ಆ ಮಳೆಗಾಲ ಕಳೆದ ಮೇಲಂತೆ. ಗಾಡಿ ನಿಲ್ಲಿಸಿದವರು ನಿಂತ ಸಾಲಿನಲ್ಲಿ ಬಲಕ್ಕೆ ತುದಿಯಲ್ಲಿರೋರು, ಮುಖ ಅರ್ಧ ಕಟ್ ಆಗಿದೆಯಲ್ಲ, ಅವರು.

ಘಟ್ಟದ ಮಾಸ್ಟರು (ರಾತ್ರಿ 8.50)
ಅದು ಹೇಗೆ ಸಾಧ್ಯ. ನಾನು ಟೀ ಕೊಟ್ಟವನು. ನನಗೆ ಆ ಮುಖ ಗೊತ್ತು.

ಸಕಲೇಶಪುರ ಸುಮಂತ (ರಾತ್ರಿ 9.05)
ಅದನ್ನೂ ಕೇಳ್ದೆ ಸರ್. ಮಾವ ಹೇಳಿದ್ದು ಹಂಗೇ ಬರೀತೀನಿ: "ಆವತ್ತು ಪುಸ್ತಕ ಬದಲಾಯಿಸ್ಕೊಳ್ಳೋಕೆ ಎದುರಿಂದ ಬರ್ತಿದ್ದವನು ನಾನು. ನನಗಲ್ಲದೆ ಯಾರಿಗೆ ಗೊತ್ತಿರುತ್ತೆ."

ಘಟ್ಟದ ಮಾಸ್ಟರು (ರಾತ್ರಿ 9.40)
ಹಾಗಾದ್ರೆ ಅವರೇ ಸರಿ. ನಾನು 30 ವರ್ಷದಿಂದ ಬೇರೆಯವರ ಮುಖ ಇಟ್ಕೊಂಡಿದೀನಿ. ಆ ತುದಿಯಲ್ಲಿರೋರು ಮೂರು ಹೆಸರು ಬರದೇ ಹೋದವರಲ್ಲಿ ಒಬ್ಬರು. ಅರ್ಧ ಮುಖ ಅಂತ ಸರಿಯಾಗಿ ನೋಡ್ಲೇ ಇಲ್ಲ.

ಡಾರ್ಕ್‌ರೂಮ್ ಭಟ್ಟ (ರಾತ್ರಿ 9.52)
ಮಾಸ್ಟರೇ, ನಾನು ಸೈಜ್ ಕೇಳಿದ್ದು ಇದಕ್ಕೇ. ನೆಗೆಟಿವ್ ಇದೆಯಾ? 35 ಎಂಎಂ ಫಿಲಂ ಅಂದ್ರೆ ಚೌಕಟ್ಟು 24x36 ಎಂಎಂ. ಅದನ್ನ 5x7 ಪ್ರಿಂಟ್ ಹಾಕಿದ್ರೆ ಎರಡೂ ಪಕ್ಕ ಸ್ವಲ್ಪ ಸ್ವಲ್ಪ ಕಟ್ ಆಗೇ ಆಗುತ್ತೆ, ಅಳತೆ ಹೊಂದಲ್ಲ. ತುದಿಯಲ್ಲಿ ನಿಂತವರು ಪ್ರಿಂಟಿನಲ್ಲಿ ಹೋಗ್ತಾರೆ, ನೆಗೆಟಿವ್‌ನಲ್ಲಿ ಇರ್ತಾರೆ. ಆಗ ಕಲರ್ ಲ್ಯಾಬ್‌ನವರು ಕವರ್‌ನಲ್ಲಿ ನೆಗೆಟಿವ್ ಹಾಕೇ ಕೊಡ್ತಿದ್ರು. ಹುಡುಕಿ. ಸಿಕ್ರೆ ಮೇಲೆ ಬೆರಳು ಇಡ್ಬೇಡಿ, ಅಂಚು ಹಿಡೀರಿ.

ಕಂಡಕ್ಟರ್ ಕೃಷ್ಣೆ ಕಡೆಯವ (ರಾತ್ರಿ 9.58)
ಹುಡುಕ್ರಿ ಮಾಸ್ತರ, ಈಗ ಹುಡುಕ್ರಿ. ನಾ ಮಕ್ಕೊಳ್ಳಂಗಿಲ್ಲ.

ಘಟ್ಟದ ಮಾಸ್ಟರು (ಮಂಗಳವಾರ ಬೆಳಗ್ಗೆ 7.30)
ಸಿಕ್ತು. ಟ್ರಂಕ್ ತಳದಲ್ಲಿ ಹಾಸಿದ್ದ ಪೇಪರ್ ಅಡಿ, ಲ್ಯಾಬ್ ಕವರ್‌ನಲ್ಲಿ, ನಾಲ್ಕು ನಾಲ್ಕರ ಪಟ್ಟಿ. ಕಿಟಕಿಗೆ ಹಿಡಿದೆ. ಮುಖ ಪೂರ್ತಿ ಇದೆ. ಭುಜನೂ ಇದೆ, ಕೈನೂ ಇದೆ, ಕೈಯಲ್ಲಿ ಏನೋ ಇದೆ. ಉಲ್ಟಾ ಬಣ್ಣದಲ್ಲಿ ಗೊತ್ತಾಗ್ಲಿಲ್ಲ. ಮಗ ಬಂದು ಫೋನಲ್ಲಿ ತೆಗೆದು ಬಣ್ಣ ಸರಿ ಮಾಡಿ ತೋರಿಸ್ದ. ಹ್ಯಾಂಡ್ ಲ್ಯಾಂಪು. ಡ್ಯೂಟಿ ಮುಗಿಸಿ ನೇರ ಬಂದು ಸಾಲಿನ ತುದಿಗೆ ನಿಂತಿರ್ಬೇಕು. 212ರಲ್ಲಿ ಕೆಲಸದ ಸಾಮಾನು ಕೈಯಲ್ಲಿ ಹಿಡಿದು ನಿಂತಿರೋರು ಇವರೊಬ್ಬರೇ.

ಈಗ ಮುಖ ನೋಡಿದ ಮೇಲೆ ನೆನಪಾಗ್ತಿದೆ. ಟೀ ಲೋಟ ಎರಡೂ ಕೈಯಲ್ಲಿ ಹಿಡಿದಿದ್ರು.

ನೇರಮಾತು (ಬೆಳಗ್ಗೆ 7.41)
ಹೆಸರು ಸಿಕ್ತಾ ಸರ್?

ಘಟ್ಟದ ಮಾಸ್ಟರು (ಬೆಳಗ್ಗೆ 7.45)
ಸಿಕ್ತು. ಸುಮಂತನ ಮಾವ ಹೇಳಿದ್ದಾರೆ. ಪೆನ್ಸಿಲ್‌ನಲ್ಲಿ ಬರೆದೆ. ಅವರು ಇಲ್ಲ ಈಗ, ಮಗಳು ಹಾಸನದಲ್ಲಿದ್ದಾರಂತೆ. ಅವರ ಮನೇಲಿ ಅಪ್ಪಂದು ವೋಟರ್ ಕಾರ್ಡ್ ಫೋಟೋ ಬಿಟ್ರೆ ಬೇರೆ ಇಲ್ವಂತೆ. ದೊಡ್ಡದು ಮಾಡಿಸಿ ತಗೊಂಡು ಹೋಗ್ತೀನಿ.

ಡಾರ್ಕ್‌ರೂಮ್ ಭಟ್ಟ (ಬೆಳಗ್ಗೆ 8.10)
8x12 ಅಂತ ಹೇಳಿ ಹಾಕ್ಸಿ. 8x10 ಹಾಕ್ಸಿದ್ರೆ ಮತ್ತೆ ಅದೇ ತುದಿ ಕಟ್ ಆಗುತ್ತೆ. ಲ್ಯಾಬ್‌ನವನು ಎರಡೂ ಒಂದೇ ಅಂತಾನೆ, ಒಪ್ಕೋಬೇಡಿ.

ನೇರಮಾತು (ಬೆಳಗ್ಗೆ 8.22)
ಪ್ರಿಂಟಿನ ಖರ್ಚಲ್ಲಿ ನನ್ನದೂ ಒಂದು ಪಾಲು ಇರ್ಲಿ ಸರ್.

ಸಕಲೇಶಪುರ ಸುಮಂತ (ಬೆಳಗ್ಗೆ 9.00)
ಸರ್, ಹಾಸನಕ್ಕೆ ಮಾವನೂ ಬರ್ತಾರಂತೆ. ಭಾನುವಾರ ಬೆಳಗ್ಗೆ ಬೇಗ ಹೊರಡೋಣ, ಮಧ್ಯಾಹ್ನ ಆದ್ರೆ ಮಳೆ ಹಿಡ್ಕೊಳ್ಳುತ್ತೆ. ಇನ್ನೊಂದು ಪ್ರಿಂಟ್ ಜಾಸ್ತಿ ಹಾಕ್ಸಿ, ಮಾವನಿಗೆ ಬೇಕಂತೆ, ಬಾಯಿ ಬಿಟ್ಟು ಕೇಳಲ್ಲ.